ಎರಡೂ ಸಮ

"ಈ ಟಾರ್ಚಿಗೆ ಯಾವಾಗ ಕಣ್ಣು ಹೋಯ್ತು?"

ಕೇಳಿದ್ದು ಯಾರನ್ನೂ ಅಲ್ಲ. ತಪಾಸಣೆ ಕೋಣೆಯಲ್ಲಿ ಹಿರಿಯ ಸಿಸ್ಟರ್ ಬಿಟ್ಟರೆ ಇದ್ದದ್ದು ಒಂದು ಮಂಚ, ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಕೈ ತೊಳೆಯುವ ತೊಟ್ಟಿ, ಗೋಡೆಗೊಂದು ಗಡಿಯಾರ. ಬೆರಳಿನಷ್ಟೇ ದಪ್ಪದ ಆ ಪುಟ್ಟ ಟಾರ್ಚನ್ನು ಆಕೆ ಅಂಗೈಗೆ ಎರಡು ಸಲ ಬಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸತ್ತ ಸೆಲ್ ಒಳಗೆ ಗಡಗಡ ಅಂದಿತೇ ಹೊರತು ಬೆಳಕು ಬರಲಿಲ್ಲ. ಬೇರೆ ದಿನವಾಗಿದ್ದರೆ ಪಕ್ಕದ ಕೋಣೆಯಿಂದ ಇನ್ನೊಂದನ್ನು ತರಿಸಿಕೊಂಡು ಸುಮ್ಮನಾಗುತ್ತಿದ್ದರು. ಇವತ್ತು ಈ ಟಾರ್ಚೇ ಬೇಕಿತ್ತು. ಇದನ್ನು ಕೊಟ್ಟವರೇ ಇವತ್ತು ಆ ಕುರ್ಚಿಯ ಮೇಲೆ ಕೂರಲಿದ್ದರು.

ಮೇಜಿನ ಮೇಲಿದ್ದ ಆರೋಗ್ಯ ಪತ್ರವನ್ನು ಆಕೆ ಮತ್ತೊಮ್ಮೆ ಓದಿದರು. ಆಸ್ಪತ್ರೆಯ ಹಿಂಬದಿಯ ನರ್ಸಿಂಗ್ ಶಾಲೆ ಈ ವರ್ಷಕ್ಕೆ ಮುಚ್ಚುತ್ತದೆ. ಉಳಿದವರು ಹನ್ನೊಂದೇ ಹುಡುಗಿಯರು. ಅವರ ಪ್ರಾಯೋಗಿಕ ಪರೀಕ್ಷೆ ಸೋಮವಾರ. ಪರೀಕ್ಷಕರಾಗಿ ಬರಲು ಹಳೆಯ ಟೀಚರಮ್ಮ ಒಪ್ಪಿದ್ದರು. ಒಪ್ಪಿದ್ದರು ಅನ್ನುವುದಕ್ಕಿಂತ, ನನ್ನನ್ನು ಕರೆಯದೆ ಅದು ಹೇಗೆ ಬೀಗ ಹಾಕ್ತೀರೋ ನೋಡ್ತೀನಿ ಎಂದು ಜಗಳ ಮಾಡಿಯೇ ಕರೆಸಿಕೊಂಡಿದ್ದರು. ಎಪ್ಪತ್ತು ದಾಟಿದ ಪರೀಕ್ಷಕರು ತಲೆ, ಕಣ್ಣು, ಕತ್ತು ತೋರಿಸಿ ಪತ್ರ ತರತಕ್ಕದ್ದು ಎಂಬ ನಿಯಮವೊಂದಿತ್ತು. ಮೊದಲು ನೋಡುವವರು ಸಿಸ್ಟರ್. ಎಲ್ಲ ಸರಿಯಿದ್ದರೆ ಪತ್ರ ನೇರ ಸಹಿಗೆ ಹೋಗುತ್ತದೆ. ಕಾಯಿಲೆಯ ಸುಳಿವೊಂದನ್ನು ಬರೆದರೂ ಡಾಕ್ಟರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಸೋಮವಾರದೊಳಗೆ ತಿರುಗಿ ಬರುವುದಿಲ್ಲ.

ಆಯಾ ನೆಲ ಒರೆಸುವ ಬಟ್ಟೆ ಹಿಡಿದು ಒಳಗೆ ಬಂದಳು. "ಅಕ್ಕಾ, ಒಬ್ಬೊಬ್ಬರೇ ಮಾತಾಡ್ಕೊಳ್ಳೋಕೆ ಶುರು ಮಾಡಿದ್ರಾ? ನಿವೃತ್ತಿಗೆ ಇನ್ನೂ ಎಂಟು ತಿಂಗಳಿದೆ."

"ಸೆಲ್ ಇದೆಯೇನೇ?"

ಆಯಾ ಸೊಂಟಕ್ಕೆ ಕೈಯಿಟ್ಟು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದಳು. ಕುರ್ಚಿ ಹತ್ತಿ ಗೋಡೆಯ ಗಡಿಯಾರ ಇಳಿಸಿ, ಬೆನ್ನಿನಿಂದ ಸೆಲ್ ಕಿತ್ತು ಕೊಟ್ಟಳು. "ತಗೊಳ್ಳಿ. ಹೊತ್ತು ನಿಂತ್ರೆ ನಿಲ್ಲಲಿ, ಊಟಕ್ಕೆ ಹೊಟ್ಟೆ ನೋಡ್ಕೊಂಡು ಹೋದರಾಯ್ತು." ಗಡಿಯಾರ ಒಂಬತ್ತೂ ಹತ್ತಕ್ಕೆ ನಿಂತಿತು. ಟಾರ್ಚು ಹತ್ತಿತು. "ಅಂದ ಹಾಗೆ ನಿಮ್ಮ ಟೀಚರಮ್ಮ ಬಂದಿದ್ದಾರೆ. ಹೊರಗಿನ ಬಾಗಿಲಿಗೆ ಭುಜ ಹೊಡೆಸ್ಕೊಂಡ್ರು ಪಾಪ. ಬಾಗಿಲಿಗೇ ಬೈದ್ರು, 'ಸರಿಯಾಗಿ ನಿಲ್ಲೋಕೆ ಬರಲ್ವಾ' ಅಂತ."

"ಯಾವ ಭುಜ?"

"ಅದನ್ನೆಲ್ಲ ನಾನು ನೋಡಿದ್ರೆ ನನಗೂ ನರ್ಸ್ ಟೋಪಿ ಕೊಡ್ತಿದ್ರಿ. ಎಡ ಇರಬೇಕು."

ಸಿಸ್ಟರ್ ಕೈ ತೊಳೆದರು. ಕೈ ತೊಳೆಯುವಾಗ ಮನಸ್ಸಿನೊಳಗೆ ಒಂದು ಪದ್ಯ ಹೇಳಿಕೊಳ್ಳುವುದು ಅವರಿಗೆ ಮೂವತ್ತೈದು ವರ್ಷದ ರೂಢಿ. ದೇವರ ಪದ್ಯ. ಅದು ಮುಗಿಯುವ ಹೊತ್ತಿಗೆ ಸೋಪಿನ ನೊರೆಯೂ ಹೋಗಿರುತ್ತಿತ್ತು. ಆಕೆ ಬೆಳೆದದ್ದೇ ಪದ್ಯ ಓದುವ ಮನೆಯಲ್ಲಿ. ಬೆಳಗಾದರೆ ಅಜ್ಜ ದಪ್ಪ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ ರಾಗವಾಗಿ ಓದುತ್ತಿದ್ದರು. ಈ ಹುಡುಗಿ ಪಕ್ಕದಲ್ಲಿ ಕೂತು ಅಕ್ಷರದ ಕೆಳಗೆ ಬೆರಳು ಓಡಿಸುತ್ತಿದ್ದಳು. ಮಾತು ಕಡಿಮೆ, ಕಿವಿ ದೊಡ್ಡದು ಎಂದು ಮನೆಯವರು ಅವಳನ್ನು ನೋಡಿ ನಗುತ್ತಿದ್ದರು.

"ಎಲ್ಲಿ ನಮ್ಮ ಎರಡೂ ಸಮ?"

ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕಪ್ಪು ಚೀಲ, ಎಪ್ಪತ್ತೆಂಟು ವರ್ಷದ ನೆಟ್ಟನೆ ಬೆನ್ನು. ಮುಖವನ್ನು ಮಾತ್ರ ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿದಿದ್ದರು, ಪಕ್ಕದಲ್ಲಿ ಯಾರೋ ಕರೆದ ಹಾಗೆ. ಸಿಸ್ಟರ್ ಅದನ್ನು ನೋಡಿದರು. ನೋಡಿದ್ದನ್ನು ಆ ಕ್ಷಣಕ್ಕೆ ಮನಸ್ಸಿನ ಯಾವುದೋ ಮೂಲೆಗೆ ಸರಿಸಿ, ನಕ್ಕು, ಕಾಲು ಮುಟ್ಟಲು ಬಗ್ಗಿದರು.

"ಕೈ ತೊಳೆದ ಮೇಲೆ ಕಾಲು ಮುಟ್ತೀಯಾ? ಹೋಗು, ಮತ್ತೆ ತೊಳೆ," ಎಂದರು ಟೀಚರಮ್ಮ.

ಎರಡೂ ಸಮ ಎಂಬ ಅಡ್ಡಹೆಸರಿನ ಕಥೆ ಆ ಶಾಲೆಯಲ್ಲಿ ಗೋಡೆಗೂ ಗೊತ್ತಿತ್ತು.

ಟೀಚರಮ್ಮ ಮೊದಲ ವರ್ಷದವರಿಗೆ ತಲೆಯಿಂದ ಕತ್ತಿನವರೆಗಿನ ತಪಾಸಣೆಯನ್ನು ಪದ್ಯ ಕಟ್ಟಿ ಕಲಿಸುತ್ತಿದ್ದರು. ಮೂವತ್ತು ಹುಡುಗಿಯರು ಮಂಚಗಳ ನಡುವೆ ನಿಂತು ಒಂದೇ ದನಿಯಲ್ಲಿ ಹೇಳಬೇಕು:

ನೆತ್ತಿಯ ಮುಟ್ಟು, ನೋವನು ಕೇಳು,
ಎತ್ತಿಸು ಹುಬ್ಬು, ಎರಡೂ ಸಮವೆ?
ಹತ್ತಿಸು ಬೆಳಕು, ಪಾಪೆಯ ಕಾಣು,
ಕತ್ತಿನ ಗಂಟು ಬೆರಳಲಿ ಹುಡುಕು,
ಒತ್ತದೆ ಮುಟ್ಟು, ಕಂಡುದ ಬರೆ.

ಅಜ್ಜನ ಪಕ್ಕ ಕೂತು ಬೆಳೆದವಳಿಗೆ ಇದು ಹಾಲು ಕುಡಿದಷ್ಟು ಸುಲಭವಾಗಿತ್ತು. ಮೊದಲ ದಿನವೇ ಬಾಯಿಗೆ ಬಂತು. ಎರಡನೆಯ ದಿನ, ಇಡೀ ವರ್ಷದಲ್ಲಿ ತಾನಾಗಿ ಬಾಯಿ ಬಿಡದ ಹುಡುಗಿ ಎದ್ದು ನಿಂತು, "ಟೀಚರ್, ಕೊನೇ ಸಾಲಲ್ಲಿ ಒಂದು ಮಾತ್ರೆ ಕಡಿಮೆ ಬೀಳುತ್ತೆ," ಅಂದಳು.

"ಮಾತ್ರೆ ಕಡಿಮೆ ಬಿದ್ರೆ ಔಷಧದ ಕೌಂಟರಿಗೆ ಹೋಗು," ಅಂದರು ಟೀಚರಮ್ಮ. ತರಗತಿಯೆಲ್ಲ ನಕ್ಕಿತು. ನಗು ನಿಂತ ಮೇಲೆ ಅವರು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಅದು ಬೇಕಂತಲೇ ಬಿಟ್ಟಿದ್ದು. ಆ ಒಂದು ಮಾತ್ರೆ ಹೊತ್ತು ಬಾಯಿ ಮುಚ್ಕೊಂಡು, ನಿಜವಾಗ್ಲೂ ಕಂಡೆನಾ ಅಂತ ಯೋಚನೆ ಮಾಡೋಕೆ."

ಮಾತು ಚೆನ್ನಾಗಿತ್ತು. ಆದರೆ ಹುಡುಗಿ ಅದನ್ನೂ ಬಾಯಿಪಾಠ ಮಾಡಿಕೊಂಡಳು, ಅಷ್ಟೇ.

ಆರನೇ ಮಂಚದಲ್ಲಿ ಒಬ್ಬ ದರ್ಜಿ ಇದ್ದ. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅಂಥವರ ಕಣ್ಣಪಾಪೆಗೆ ಗಂಟೆಗೊಮ್ಮೆ ಬೆಳಕು ಬಿಟ್ಟು ನೋಡಬೇಕು. ಎರಡೂ ಒಂದೇ ಅಳತೆಗೆ ಇವೆಯೇ, ಬೆಳಕಿಗೆ ಎರಡೂ ಕುಗ್ಗುತ್ತವೆಯೇ ಎಂದು ಬರೆಯಬೇಕು. ಹುಡುಗಿ ಒಂದು ಹಗಲೆಲ್ಲ ಬರೆದಳು. ಎಂಟು ಗಂಟೆ, ಎರಡೂ ಸಮ, ಎರಡೂ ಕುಗ್ಗುತ್ತವೆ. ಒಂಬತ್ತು ಗಂಟೆ, ಎರಡೂ ಸಮ, ಎರಡೂ ಕುಗ್ಗುತ್ತವೆ. ಮುತ್ತು ಪೋಣಿಸಿದ ಅಕ್ಷರ. ಸಂಜೆ ನಾಲ್ಕಕ್ಕೆ ಟೀಚರಮ್ಮ ಬಂದು ಕಾಗದ ನೋಡಿದರು, ದರ್ಜಿಯ ಮುಖ ನೋಡಿದರು, ಮತ್ತೆ ಕಾಗದ ನೋಡಿದರು.

"ಇನ್ನೊಂದು ಸಲ ತೋರ್ಸು, ಮಗಳೇ. ಎಲ್ಲಾರೂ ಬನ್ನಿ, ಇವಳು ನೋಡೋದನ್ನ ನೋಡಿ."

ಹುಡುಗಿ ಬೆಳಕು ಹಿಡಿದಳು. ಬಲಗಣ್ಣಿಗೆ ಹಿಡಿದು, "ಕುಗ್ತು ಟೀಚರ್." ಎಡಗಣ್ಣಿಗೆ ಹಿಡಿದು, "ಇದೂ ಕುಗ್ತು ಟೀಚರ್."

ದರ್ಜಿ ಅಲ್ಲಿಯವರೆಗೂ ಉಸಿರು ಬಿಗಿಹಿಡಿದು ಕೂತಿದ್ದ. ಇನ್ನು ತಡೆಯಲಾಗದೆ, ದಿಂಬಿನ ಕೆಳಗಿಂದ ತನ್ನ ಹಿತ್ತಾಳೆಯ ಬೆರಳುಟೋಪಿ ತೆಗೆದು ಬೆರಳಿಗೆ ಹಾಕಿಕೊಂಡು, ಎಡಗಣ್ಣಿನ ಮೇಲೆ ಮೆಲ್ಲಗೆ ಬಡಿದ. ಟಿಕ್ ಟಿಕ್.

ಗಾಜಿನ ಕಣ್ಣು.

"ಬೇಜಾರು ಮಾಡ್ಕೋಬೇಡ ಮಗಾ," ಅಂದ ದರ್ಜಿ. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನಮ್ಮತ್ತೆಗೇ ಇನ್ನೂ ಗೊತ್ತಾಗಿಲ್ಲ. ನೀನು ಎಂಟು ಸಲ ಕುಗ್ತು ಅಂತ ಬರೆದಾಗ, ಇರಬಹುದೇನೋ ಅಂತ ನನಗೂ ಸ್ವಲ್ಪ ಆಸೆ ಆಯ್ತು."

ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀಚರಮ್ಮ ನಗಲಿಲ್ಲ. ಎಂಟು ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: "ಕಂಡದ್ದಲ್ಲ, ಬಾಯಿಪಾಠ." ಹುಡುಗಿ ಅವರ ಹಿಂದೆ ಕಾರಿಡಾರಿನುದ್ದಕ್ಕೂ ಅಳುತ್ತಾ ನಡೆದು ಆ ಹಾಳೆ ಹರಿದುಹಾಕಿ ಎಂದು ಬೇಡಿಕೊಂಡಳು. ಹರಿಯಲಿಲ್ಲ. ಬದಲಿಗೆ ಮಾರನೆಯ ದಿನ ಅವಳನ್ನು ದರ್ಜಿಯ ಎದುರು ಕುರ್ಚಿ ಹಾಕಿ ಕೂರಿಸಿ, "ಸಂಜೆವರೆಗೂ ಇವರ ಮುಖ ನೋಡು. ಒಂದಕ್ಷರ ಬರೀಬೇಡ," ಅಂದರು. ಹೋಗುವಾಗ ತಮ್ಮ ಜೇಬಿನ ಟಾರ್ಚನ್ನೇ ಅವಳ ಕೈಯಲ್ಲಿಟ್ಟರು.

ಆ ದಿನ ಅವಳು ಕಲಿತಷ್ಟು ಮೂರು ವರ್ಷದಲ್ಲೂ ಕಲಿಯಲಿಲ್ಲ. ಎಡಗಡೆ ರೆಪ್ಪೆ ಅರ್ಧ ಕ್ಷಣ ತಡವಾಗಿ ಮುಚ್ಚುತ್ತಿತ್ತು. ನಕ್ಕಾಗ ಹೊಳಪು ಒಂದೇ ಕಡೆ ಏರುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ, ಲೋಟಕ್ಕೆ ಕೈ ಚಾಚುವಾಗ, ಯಾರಾದರೂ ಒಳಗೆ ಬಂದಾಗ, ದರ್ಜಿ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತಿದ್ದ. ಕಾಣುವ ಕಣ್ಣನ್ನು ನಡುವಿಗೆ ತಂದುಕೊಳ್ಳುವುದಕ್ಕೆ. ಪಕ್ಕದಲ್ಲಿ ಯಾರೋ ಕರೆದ ಹಾಗೆ.

ಸಿಸ್ಟರ್ ಎರಡನೆಯ ಸಲ ಕೈ ಒರೆಸಿಕೊಂಡು ಬಂದು ಎದುರು ಕುರ್ಚಿಯಲ್ಲಿ ಕೂತರು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಬಾಯಿ ಬಿಟ್ಟು ಹೇಳ್ಕೊಂಡೇ ಮಾಡು," ಅಂದರು ಟೀಚರಮ್ಮ. "ಎಷ್ಟು ವರ್ಷ ಆಯ್ತು ಕೇಳಿ."

"ನೆತ್ತಿಯ ಮುಟ್ಟು, ನೋವನು ಕೇಳು..."

ಬೆಳ್ಳಿ ಕೂದಲ ನಡುವೆ ಬೆರಳು ಇಳಿಸಿದರು. ನೆತ್ತಿಯಿಂದ ಹಿಂದಕ್ಕೆ, ಕಿವಿಯ ಮೇಲಿಂದ ಮುಂದಕ್ಕೆ, ಸಣ್ಣ ಸಣ್ಣ ಸುತ್ತು. ಈ ತಲೆಗೆ ಎಣ್ಣೆ ಹಚ್ಚಲು ಯಾರಿದ್ದಾರೆ ಎಂದು ಯೋಚನೆ ಬಂತು. ಟೀಚರಮ್ಮ ಮದುವೆಯಾಗಲಿಲ್ಲ, ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾರೆ. ಎಡಗಡೆ ಕಪಾಲದ ಮೇಲೆ ಬೆರಳಿಗೆ ಒಂದು ಸಣ್ಣ ಬುಗುಟು ಸಿಕ್ಕಿತು. ಹಳದಿಗೆ ತಿರುಗಿದ ಗಾಯ.

"ಇದೇನು?"

"ಬೀರುವಿನ ಬಾಗಿಲು. ನನ್ನ ತಂಗಿ ತೆರೆದದ್ದನ್ನ ಮುಚ್ಚಿದವಳಲ್ಲ. ಮುಂದಿನ ಸಾಲು ಹೇಳು."

"ಎತ್ತಿಸು ಹುಬ್ಬು, ಎರಡೂ ಸಮವೆ?"

ಹುಬ್ಬು ಎರಡೂ ಸಮವಾಗಿ ಏರಿದವು. ಮುಖದ ಗೆರೆಗಳು ಎರಡೂ ಬದಿ ಒಂದೇ ಹಾಗೆ ಮಡಿಚಿಕೊಂಡವು. ಈ ಹುಬ್ಬು ಏರಿದರೆ ಒಂದು ಕಾಲಕ್ಕೆ ಮೂವತ್ತು ಜನ ನಡುಗುತ್ತಿದ್ದರು.

"ಸೋಮವಾರ ಏನು ಉಟ್ಕೊಳ್ಳಲಿ ಅಂತ ಇನ್ನೂ ಗೊತ್ತಾಗಿಲ್ಲ," ಅಂದರು ಟೀಚರಮ್ಮ. "ಹನ್ನೊಂದು ಹುಡುಗೀರಂತೆ. ನಿಮ್ಮ ಕಾಲದಲ್ಲಿ ಹನ್ನೊಂದು ಜನ ಶೀತ ಅಂತ ರಜ ಹಾಕೋರು. ಆ ಹುಡುಗೀರು ರೋಗಿ ಮೇಲೆ ಕೈ ಹೇಗಿಡ್ತಾರೆ ನೋಡ್ಬೇಕು ಕಣೇ. ಕಡೇ ಸಲ. ಆಮೇಲೆ ಆ ಪದ್ಯ ಹೇಳೋರೂ ಇರಲ್ಲ, ತಪ್ಪು ಹಿಡಿಯೋರೂ ಇರಲ್ಲ."

"ಹತ್ತಿಸು ಬೆಳಕು," ಅಂದರು ಸಿಸ್ಟರ್.

ಟಾರ್ಚನ್ನು ನೋಡಿ ಟೀಚರಮ್ಮನ ಬಾಯಿ ಒಂದು ಕ್ಷಣ ಹಾಗೇ ತೆರೆದುಕೊಂಡಿತು. "ಅಯ್ಯೋ ನಿನ್ನ. ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?"

"ಸೆಲ್ ಮಾತ್ರ ಗಡಿಯಾರದ್ದು."

ಬಲಗಣ್ಣಿಗೆ ಬೆಳಕು ಬಿತ್ತು. ಪಾಪೆ ಚಟ್ಟನೆ ಕುಗ್ಗಿತು, ಎಳೆಯ ಹುಡುಗಿಯ ಕಣ್ಣಿನ ಹಾಗೆ. ಬೆಳಕನ್ನು ಎಡಗಣ್ಣಿಗೆ ತಿರುಗಿಸಿದರು. ಅಲ್ಲಿ ಪಾಪೆ ಕುಗ್ಗಬೇಕಿತ್ತು. ಕುಗ್ಗಲಿಲ್ಲ. ಸೋಮಾರಿಯ ಹಾಗೆ ಸ್ವಲ್ಪ ಹಿಗ್ಗಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಮತ್ತೆ ಹಿಗ್ಗಿತು.

ಸಿಸ್ಟರ್ ಟಾರ್ಚು ಆರಿಸಿದರು. ಕತ್ತಿಗೆ ಬಂದರು. ದವಡೆಯ ಕೆಳಗೆ, ಕಿವಿಯ ಹಿಂದೆ, ಕೊರಳೆಲುಬಿನ ಗುಳಿಯಲ್ಲಿ ಒತ್ತದೆ ಬೆರಳಾಡಿಸಿದರು. ಗಂಟಿಲ್ಲ. ಒಂದು ಗುಟುಕು ನೀರು ಕುಡಿಸಿ ಕೊರಳು ಏರಿಳಿಯುವುದನ್ನು ನೋಡಿದರು. ಎಲ್ಲ ಸರಿಯಿತ್ತು. ಅಲ್ಲಿಗೆ ಪದ್ಯ ಮುಗಿಯಬೇಕಿತ್ತು. ಆಕೆ ಮುಗಿಸಲಿಲ್ಲ.

"ಬಲಗಣ್ಣು ಮುಚ್ಕೊಳ್ಳಿ ಟೀಚರ್. ನನ್ನ ಮೂಗು ನೋಡಿ. ಪಕ್ಕದಿಂದ ಬೆರಳು ತೋರಿಸ್ತೀನಿ, ಎಷ್ಟು ಅಂತ ಹೇಳಿ."

"ಈ ಆಟ ನಿನಗೆ ಕಲಿಸಿದ್ದೇ ನಾನು," ಅಂದರು ಟೀಚರಮ್ಮ, ಅಂಗೈಯಿಂದ ಬಲಗಣ್ಣು ಮುಚ್ಚಿಕೊಳ್ಳುತ್ತಾ.

ಸಿಸ್ಟರ್ ಟೀಚರಮ್ಮನ ಎಡ ಪಕ್ಕದಿಂದ ಎರಡು ಬೆರಳು ಎತ್ತಿದರು. "ಎಷ್ಟು?"

"ಎರಡು."

"ಈಗ?"

"ಒಂದು."

ಎರಡೂ ಸರಿ. ಸಿಸ್ಟರ ಎದೆ ಹಗುರಾಯಿತು. ಮುಂದಿನದು ಐದು. ಎರಡು, ಒಂದು, ಐದು. ಟೀಚರಮ್ಮ ಕಲಿಸಿದ ಕ್ರಮವೇ ಅದು, ಮೂವತ್ತೈದು ವರ್ಷದಿಂದ ಆ ಕೈ ತಾನಾಗಿ ಅದೇ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಆಗ ಆಕೆಗೆ ಥಟ್ಟನೆ ಅನ್ನಿಸಿತು: ಈ ಕ್ರಮ ಎದುರಿಗೆ ಕೂತವರಿಗೂ ಬಾಯಿಪಾಠ.

ಕೈ ಬಿಚ್ಚಲಿಲ್ಲ. ಮುಷ್ಟಿಯನ್ನೇ ಹಿಡಿದರು.

"ಈಗ ಎಷ್ಟು, ಟೀಚರ್?"

"ಐದು."

ಹೊರಗೆ ಕಾರಿಡಾರಿನಲ್ಲಿ ಆಯಾ ಯಾರಿಗೋ ಒದ್ದೆ ನೆಲ ತುಳಿಯಬೇಡಿ ಎಂದು ಕೂಗುತ್ತಿದ್ದಳು. ಸಿಸ್ಟರ್ ಮುಷ್ಟಿ ಇಳಿಸಲಿಲ್ಲ. ಹಾಗೇ ಅದನ್ನು ಮೆಲ್ಲಗೆ ಮುಂದಕ್ಕೆ ತಂದರು. ಬಹಳ ಮುಂದಕ್ಕೆ, ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬರುವವರೆಗೂ ಎಡಗಣ್ಣು ಅದನ್ನು ಕಾಣಲಿಲ್ಲ. ಕಂಡಾಗ ಟೀಚರಮ್ಮ ಕೈ ಕೆಳಗಿಳಿಸಿದರು.

"ಕ್ರಮ ತಪ್ಪಿಸ್ದೆ," ಅಂದರು.

"ತಪ್ಪಿಸ್ದೆ."

"ಜಾಣೆ." ಹೊಗಳಿಕೆಯೋ ಬೈಗುಳವೋ ತಿಳಿಯದ ದನಿ. ಚೀಲದ ಹಿಡಿಯನ್ನು ಎರಡು ಸಲ ಸರಿಮಾಡಿಕೊಂಡರು. "ಹೋದ ವರ್ಷದಿಂದ. ಮೊದಲು ಪಕ್ಕ ಪಕ್ಕ ಮಂಜು ಅನ್ನಿಸ್ತಿತ್ತು. ಆಮೇಲೆ ಮಂಜೂ ಇಲ್ಲ, ಏನೂ ಇಲ್ಲ."

"ಚಿಕ್ಕಮ್ಮಂಗೆ ಗೊತ್ತಾ?"

"ನನ್ನ ತಂಗಿಗಾ? ಅವಳಿಗೆ ಹೇಳಿದ್ರೆ ರೇಡಿಯೋಗೆ ಹೇಳಿದ ಹಾಗೆ." ನಗಲು ನೋಡಿದರು, ಆಗಲಿಲ್ಲ. "ಬಲಗಣ್ಣು ಗಟ್ಟಿಯಾಗಿದೆ ಕಣೇ. ಬಲಗಣ್ಣಲ್ಲಿ ಆ ಹನ್ನೊಂದು ಜನರ ಉಗುರು ಸಹಿತ ನೋಡ್ತೀನಿ."

"ಬಲಗಣ್ಣಿಗೂ ಹೀಗೇ ಬರಬಹುದು ಟೀಚರ್. ಅದನ್ನ ಉಳಿಸ್ಕೋಬೇಕಾದ್ರೆ ಇವತ್ತೇ ಹೋಗ್ಬೇಕು. ಕಣ್ಣಿನ ವಿಭಾಗ ಮೇಲಿನ ಮಹಡೀಲೇ ಇದೆ, ನಾನೇ ಕರ್ಕೊಂಡು ಹೋಗ್ತೀನಿ. ಇದನ್ನ ನೀವೇ ಕಲಿಸಿದ್ದು."

"ಕಲಿಸಿದ್ದು ನಾನು, ನನಗೇ ಪಾಠ ಒಪ್ಪಿಸ್ತೀಯಾ?" ಟೀಚರಮ್ಮ ಮುಂದಕ್ಕೆ ಬಾಗಿ ಸಿಸ್ಟರ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ತಾವಾಗಿ ಹಿಡಿದದ್ದು ಅದೇ ಮೊದಲು. "ಇವತ್ತು ಮೇಲಕ್ಕೆ ಹತ್ತಿದ್ರೆ ಈ ಕಾಗದ ಸೋಮವಾರಕ್ಕೆ ಕೆಳಗಿಳಿಯಲ್ಲ. ನಿನಗೂ ಗೊತ್ತು. ನಾಲ್ಕೇ ದಿನ. ಮಂಗಳವಾರ ಬೆಳಿಗ್ಗೆ ನೀನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗು, ಕುರಿ ಹಾಗೆ ಬರ್ತೀನಿ. ಇವತ್ತಿಗೆ ಮಾತ್ರ ಬರೆದುಬಿಡು. ಎರಡೂ ಸಮ ಅಂತ. ನಿನಗೆ ಅಭ್ಯಾಸ ಇರೋ ಮಾತೇ ಅಲ್ವಾ?"

ಕೊನೆಯ ಮಾತು ತಮಾಷೆಗೆ ಹೇಳಿದ್ದು. ಆದರೆ ಹಿಡಿತ ಬಿಗಿಯಾಯಿತು.

ಸಿಸ್ಟರ್ ಮೇಜಿನ ಕಡೆ ತಿರುಗಿ ಪೆನ್ನು ತೆಗೆದುಕೊಂಡರು. ನೆತ್ತಿ: ಎಡ ಕಪಾಲದಲ್ಲಿ ಹಳೆಯ ಪೆಟ್ಟು. ಮುಖ: ಎರಡೂ ಬದಿ ಸಮ. ಕತ್ತು: ಗಂಟಿಲ್ಲ. ಕಣ್ಣಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.

ನಾಲ್ಕು ದಿನ. ಒಂದು ವರ್ಷ ಕಳೆದ ಕಣ್ಣಿಗೆ ನಾಲ್ಕು ದಿನ ಏನು ಮಹಾ? ಈ ಬಡ ಕಟ್ಟಡ ಕಡೆಯ ಬಾರಿ ಆ ದನಿ ಕೇಳಲಿ, ಹನ್ನೊಂದು ಜನ ಒಟ್ಟಿಗೆ ಆ ಪದ್ಯ ಹೇಳಲಿ, ಇವರು ಮುಂದಿನ ಕುರ್ಚಿಯಲ್ಲಿ ಕೂತು ಹುಬ್ಬೇರಿಸಲಿ. ಅದನ್ನು ಬಾಗಿಲಲ್ಲಿ ನಿಂತು ನೋಡಬೇಕೆಂದು ಆಕೆಯೂ ಸೋಮವಾರಕ್ಕೆ ರಜ ಹಾಕಿದ್ದರು. ತನ್ನ ಕೈಗೆ ಬುದ್ಧಿ ಕೊಟ್ಟವರು ಜೀವಮಾನದಲ್ಲಿ ಕೇಳಿದ ಒಂದೇ ಒಂದು ಉಪಕಾರ. ಎರಡು ಪದ.

ಎರಡು ಪದ ಎಂದುಕೊಂಡಾಗ, ಇಂಥದ್ದೇ ಉಪಕಾರ ಕೇಳಿದ್ದ ಅಜ್ಜನ ನೆನಪಾಯಿತು.

ಹನ್ನೊಂದು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅಜ್ಜ ಹಾಳೆ ತಿರುಗಿಸಿದಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ತಿರುಗಿದ್ದವು. ಪದ್ಯ ಮಾತ್ರ ಎಲ್ಲೂ ಕಡಿಯದೆ, ಬಿಟ್ಟುಹೋದ ಹಾಳೆಯಲ್ಲಿದ್ದ ಹಾಗೇ ಹರಿದುಬಂತು. ಅಕ್ಷರದ ಕೆಳಗೆ ಬೆರಳು ಓಡಿಸುತ್ತಿದ್ದ ಹುಡುಗಿಗೆ ಮಾತ್ರ ಗೊತ್ತಾಯಿತು. ಅವಳು ತಲೆಯೆತ್ತಿ ನೋಡಿದಳು. ಅಜ್ಜ ಪುಸ್ತಕ ನೋಡುತ್ತಿರಲಿಲ್ಲ, ಪುಸ್ತಕ ಇರುವ ಕಡೆಗೆ ಮುಖ ಮಾಡಿಕೊಂಡಿದ್ದರು ಅಷ್ಟೇ. ರಾಗ ನಿಲ್ಲಿಸದೆಯೇ ಅವಳ ತಲೆ ತಡವಿ, ಸಾಲು ಮುಗಿದ ಮೇಲೆ ಪಿಸುಗುಟ್ಟಿದರು: "ಯಾರಿಗೂ ಹೇಳ್ಬೇಡ ಪುಟ್ಟಿ. ಓದೋದನ್ನ ನಿಲ್ಲಿಸಿಬಿಡ್ತಾರೆ." ಅವಳು ಹೇಳಲಿಲ್ಲ. ಎರಡು ವರ್ಷ ಹೇಳಲಿಲ್ಲ. ಅಜ್ಜ ಮೆಟ್ಟಿಲಿನಿಂದ ಬಿದ್ದ ದಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಮೊದಲೇ ಯಾರೂ ಗಮನಿಸ್ಲಿಲ್ವಾ?" ಎಂದು ಮನೆಯವರನ್ನೆಲ್ಲ ಕೇಳಿದಾಗ, ಮಾತು ಕಡಿಮೆಯ ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

ಟೀಚರಮ್ಮ ಕಾಯುತ್ತಿದ್ದರು. ಮುಖ ಸ್ವಲ್ಪ ಎಡಕ್ಕೆ.

"ಬರೆದೆಯಾ?"

ಸಿಸ್ಟರ್ ಪೆನ್ನನ್ನು ಕಾಗದದ ಮೇಲಿಟ್ಟು ಕಂಡದ್ದನ್ನು ಬರೆಯತೊಡಗಿದರು. ಬಲ: ಸರಿ. ಎಡ: ಬೆಳಕಿಗೆ ಕುಗ್ಗುವುದಿಲ್ಲ, ಪಕ್ಕದ ನೋಟ ಇಲ್ಲ. ಇಂದೇ ಕಣ್ಣಿನ ವಿಭಾಗಕ್ಕೆ. ಅಕ್ಷರ ಮುತ್ತಿನ ಹಾಗೆ ಬರಲಿಲ್ಲ, ಸೊಟ್ಟಪಟ್ಟ ಬಂತು. ಪೆನ್ನಿನ ಸದ್ದು ಎಷ್ಟು ಹೊತ್ತು ಹೋಗುತ್ತದೆ ಎಂದು ಟೀಚರಮ್ಮ ಕಿವಿಗೊಟ್ಟು ಕೇಳುತ್ತಿದ್ದರು. ಎರಡು ಪದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಅಳಿಸು," ಅಂದರು. ತರಗತಿಯ ದನಿಯಲ್ಲೇ ಅಂದರು, ಆಮೇಲೆ ಆ ದನಿ ಒಡೆಯಿತು. "ಅಳಿಸ್ಬಿಡು ಮಗಳೇ. ನಿನ್ನ ಟೀಚರ್ ಕೇಳ್ತಿದ್ದೀನಿ. ಒಂದೇ ಒಂದು ಸೋಮವಾರ."

ಸಿಸ್ಟರ್ ಒಂದು ಮಾತ್ರೆಯಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರು.

"ಇಲ್ಲ ಟೀಚರ್. ಅಳಿಸಲ್ಲ."